ನಾಲ್ಕು ಸಲ ಮಡಚಿದ ಚೀಟಿ

ಬೈಂಡಿಂಗ್ ಶೆಡ್ಡು,
ಜೂನ್ 14, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಸಿಕ್ಕಿತು. ಬೈಯುವುದಕ್ಕೂ ಇಷ್ಟು ಮುದ್ದಾದ ಅಕ್ಷರ ಬೇಕಿತ್ತೇನೇ ಎಂದು ಮೊದಲು ನಗು ಬಂತು, ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ಚರ್ಚಿನವರೆಲ್ಲ ಸೇರಿ ನಿನ್ನ ಅಮ್ಮನ ತಲೆ ಕೆಡಿಸಿದ್ದೇವೆ, ಅದಕ್ಕೇ ಅವರು ಕಣ್ಣಿನ ಆಪರೇಷನ್ನಿಗೆ ಬರುತ್ತಿಲ್ಲ ಎಂದು ಬರೆದಿದ್ದೀಯ. ಚರ್ಚಿನವರೆಲ್ಲ ಅಲ್ಲ, ಮಾರಾಯ್ತಿ. ಮುಖ್ಯವಾಗಿ ನಾನೊಬ್ಬಳೇ.

ಮೊದಲು ಒಳ್ಳೆಯ ಸುದ್ದಿ. ಗುರುವಾರದ ರೈಲಿಗೆ ಅಮ್ಮ ಬರುತ್ತಿದ್ದಾರೆ. ನಿನ್ನ ಆಸ್ಪತ್ರೆಯಲ್ಲಿ ನೀನು ಗೊತ್ತುಮಾಡಿದ ದಿನವೇ ಆಪರೇಷನ್ ಆಗಲಿ. ತಿಂಗಳು ದಾಟಿದರೆ ಉಳಿದಿರುವ ಅಷ್ಟಿಷ್ಟು ದೃಷ್ಟಿಯೂ ಹೋಗುತ್ತದೆ ಎಂದು ನೀನು ಮೂರು ಸಲ ಬರೆದೆ. ಮೂರು ಸಲವೂ ಅವರಿಗೆ ಓದಿ ಹೇಳಿದವಳು ನಾನೇ. ಮೂರು ಸಲವೂ ಅವರು 'ನೋಡೋಣ' ಎಂದು ಎದ್ದುಹೋದರು. ಯಾಕೆ ಎಂದು ನೀನು ಕೇಳಿದ್ದಕ್ಕೆ ಇದು ಉತ್ತರ. ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರು ಓದಿ ಹೇಳು ಎಂದರೆ ಸಹಿಯವರೆಗೂ ಓದು, ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ನೀನು ಊರು ಬಿಟ್ಟ ಮೇಲೆ ನಮ್ಮ ಚರ್ಚಿನ ಸಭೆಯಲ್ಲಿ ಒಂದು ಏರ್ಪಾಡು ಶುರುವಾಯಿತು. ಒಲೆ ಇಲ್ಲದವರು, ಮನೆ ಇಲ್ಲದವರು ಹನ್ನೆರಡು ಜನ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಬಿಸ್ಕತ್ತಿನ ಡಬ್ಬದಲ್ಲಿ ಅವರ ಹೆಸರಿನ ಚೀಟಿಗಳು ಇರುತ್ತವೆ. ಹನ್ನೆರಡು ಮನೆಯವರು ಒಂದೊಂದು ಎತ್ತಿಕೊಂಡು, ಬಂದ ಹೆಸರಿನವರನ್ನು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಬೇಕು. ಆರಿಸಿಕೊಳ್ಳುವ ಹಾಗಿಲ್ಲ, ಅದಕ್ಕೇ ಚೀಟಿ. ಬರೆದು ಮಡಚುವ ಕೆಲಸ ನನ್ನದು. ಪುಸ್ತಕದ ಬೈಂಡಿಂಗಿಗೆ ಕಾಗದ ಮಡಚುವುದು ನನ್ನ ಹೊಟ್ಟೆಪಾಡು ತಾನೇ, ಇನ್ಯಾರಿಗೆ ಕೊಡುತ್ತಾರೆ?

ಆ ಹನ್ನೆರಡು ಜನರಲ್ಲಿ ಒಬ್ಬ ಬಣ್ಣದಣ್ಣ. ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವನು, ಏಣಿಯಿಂದ ಬಿದ್ದ ಮೇಲೆ ಕಾಲಿನ ಗಾಯ ಮಾಗಲೇ ಇಲ್ಲ. ವಾಸನೆ ಬರುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ, ತಡೆಯಲಾಗದಂಥ ವಾಸನೆ. ಹೋದ ವರ್ಷ ಒಮ್ಮೆ ಅವನ ಚೀಟಿ ನನಗೇ ಬಂತು. ಒಳಗೆ ಸೆಕೆ ಎಂದು ಹೇಳಿ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ತಟ್ಟೆ ಕೊಟ್ಟೆ. ಅವನು ಉಂಡು, ತಟ್ಟೆ ತೊಳೆದಿಟ್ಟು ಹೋದ. ಬಡವನ ವೇಷದಲ್ಲಿ ಕರ್ತನೇ ಬಾಗಿಲಿಗೆ ಬರುತ್ತಾನೆ ಎಂದು ಅವತ್ತು ಬೆಳಿಗ್ಗೆಯೇ ಮಕ್ಕಳಿಗೆ ಪಾಠ ಹೇಳಿ ಬಂದಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮುಂದಿನ ವಾರದಿಂದ ಎಲ್ಲ ಚೀಟಿಗಳನ್ನೂ ಎರಡು ಸಲ ಮಡಚಿದೆ, ಅವನದನ್ನು ಮಾತ್ರ ನಾಲ್ಕು ಸಲ. ಅಂಗಿಯ ಗುಂಡಿಯಷ್ಟು ದಪ್ಪ ಆಗುತ್ತಿತ್ತು. ನನ್ನ ಬೆರಳಿಗೆ ಮಾತ್ರ ತಿಳಿದರೆ ಸಾಕೆಂದುಕೊಂಡಿದ್ದೆ. ಆದರೆ ತಿಂಗಳೊಳಗೆ ಡಾಕ್ಟರ ಹೆಂಡತಿ ಡಬ್ಬಕ್ಕೆ ಕೈ ಹಾಕಿ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ತಡಕುತ್ತಿದ್ದುದನ್ನು ಕಂಡೆ. ಆಮೇಲೆ ಬಡಗಿ. ಆಮೇಲೆ ಸ್ಕೂಲಿನ ಹೆಡ್‌ಮೇಷ್ಟ್ರು. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ತಿಳಿದಿತ್ತು. ಒಂದು ಭಾನುವಾರ ಪಾದ್ರಿಗಳು ಏನೂ ಅರಿಯದೆ, ಪ್ರೀತಿಯಲ್ಲಿ ಆಯ್ಕೆ ಇರಬಾರದು ಎಂದು ಪ್ರಸಂಗ ಮಾಡಿದಾಗ ಕುಂಬಳಕಾಯಿ ಕಳ್ಳರೆಲ್ಲ ಒಟ್ಟಿಗೆ ಹೆಗಲು ಮುಟ್ಟಿ ನೋಡಿಕೊಂಡೆವು.

ನಿನ್ನ ಅಮ್ಮ ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದರು. ಕಣ್ಣು ಮಂಜು, ಗೋಡೆ ಹಿಡಿದು ನಡೆದು ಬರುವಷ್ಟರಲ್ಲಿ ಡಬ್ಬದಲ್ಲಿ ಒಂದೇ ಚೀಟಿ. ಎಂಟು ತಿಂಗಳು, ಒಂದು ವಾರವೂ ತಪ್ಪದೆ, ಬಣ್ಣದಣ್ಣ ಅವರ ಒಂದೇ ಕೋಣೆಯ ಮನೆಯಲ್ಲಿ ಉಂಡ. ಪಾಪ, ಕುರುಡಿಯ ಪಾಲಿಗೆ ಬಂತಲ್ಲ ಎಂದು ನನಗೆ ಒಂದೊಂದು ಸಲ ಅನಿಸುತ್ತಿತ್ತು. ಅನಿಸಿದ್ದಷ್ಟೇ, ಮಡಚುವುದನ್ನು ಬಿಡಲಿಲ್ಲ.

ನಿನ್ನ ಬೈಗುಳದ ಪತ್ರ ಬಂದ ಸಂಜೆ ಅವರ ಹತ್ತಿರ ಹೋದೆ. ಮಗಳು ಅಲ್ಲಿ ಅಳುತ್ತಿದ್ದಾಳೆ, ಇದೇನು ಹಟ ನಿಮ್ಮದು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. "ನಾನು ಎರಡು ತಿಂಗಳು ಅಲ್ಲಿ ಕೂತ್ರೆ ಅವನ ಭಾನುವಾರದ ಗತಿ ಏನೇ?" ಅಂದರು. ಬೇರೆ ಯಾರಿಗಾದರೂ ಅವನ ಚೀಟಿ ಬರುತ್ತದೆ ಬಿಡಿ ಎಂದೆ. ಅವರು ನಕ್ಕುಬಿಟ್ಟರು, ಗುಬ್ಬಿ.

"ನನ್ನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ ಕಣೇ. ಆ ದಪ್ಪ ಚೀಟಿ ಯಾರ್ದು ಅಂತ ಎರಡನೇ ವಾರನೇ ಗೊತ್ತಾಯ್ತು. ಬೇಕಂದಿದ್ರೆ ಯಾರದಾದ್ರೂ ಕೈ ಹಿಡಿದು ಮೊದಲೇ ಬಂದು ಬೇರೆ ಚೀಟಿ ಎತ್ಕೋಬಹುದಿತ್ತು. ಯಾರಿಗೂ ಬೇಡದ್ದು ನನಗಿರ್ಲಿ ಅಂತಾನೇ ಕಾಯ್ತಿದ್ದೆ. ಇನ್ನೊಬ್ಬರಿಗೆ ಸಿಕ್ರೆ ಅವನನ್ನ ಮತ್ತೆ ಮೆಟ್ಟಿಲ ಮೇಲೆ ಕೂರಿಸ್ತಾರೆ." ಮೆಟ್ಟಿಲು ಯಾರ ಮನೆಯದು ಎಂದು ಅವರು ಹೇಳಲಿಲ್ಲ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದವರು. ವಾರವಾರ ಅವನ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದುದೂ ಅವರೇ ಎಂದು ಅವತ್ತು ತಿಳಿಯಿತು.

ಇನ್ನು ಮೇಲೆ ಅವನ ಊಟ ನನ್ನ ಮನೆಯಲ್ಲಿ ಎಂದೆ. ಬಾಯಿಮಾತಿಗೆ ಅವರು ಬಗ್ಗಲಿಲ್ಲ. "ಬಡಿಸೋದು ಹೋಟೆಲ್ನೋರೂ ಮಾಡ್ತಾರೆ. ಅವನ ಜೊತೆ ಒಂದೇ ಮೇಜಲ್ಲಿ ಕೂತು ಒಂದು ಹೊತ್ತು ಉಂಡು ಬಂದು ಹೇಳು. ಅವತ್ತೇ ಪೆಟ್ಟಿಗೆ ಕಟ್ತೀನಿ."

ಮುಚ್ಚಿದ ಗ್ಯಾರೇಜಿನ ಹಿಂದೆ ತಗಡಿನ ಕೋಣೆಯಲ್ಲಿ ಅವನಿದ್ದಾನೆ. ಶನಿವಾರ ಹೋಗಿ ಕರೆದೆ. "ನಿಮ್ಮ ಮನೆ ಮೆಟ್ಟಿಲಿಗೆ ಬಿಸಿಲು ಜಾಸ್ತಿ ಅಕ್ಕಾ, ಬೇಡ" ಅಂದ. ಒಳಗೇ ಊಟ, ಮೇಜಿನ ಮೇಲೆ ಎಂದೆ. ನಾವಿಬ್ಬರೂ ಜೊತೆಗೆ ಕೂತು ಉಣ್ಣದಿದ್ದರೆ ಅಮ್ಮ ಊರು ಬಿಡುವುದಿಲ್ಲ, ಕಣ್ಣು ಹೋಗುತ್ತದೆ ಎಂದೂ ಹೇಳಿದೆ. ಆಗ ತಲೆ ಎತ್ತಿ, "ಅದನ್ನ ಮೊದಲೇ ಹೇಳಬಾರದಾ?" ಅಂದ.

ಭಾನುವಾರ ಡಬ್ಬದಲ್ಲಿ ಹನ್ನೊಂದೇ ಚೀಟಿ ಹಾಕಿದ್ದೆ. ಎಲ್ಲವೂ ಒಂದೇ ಥರ ಮಡಚಿದವು. ಡಾಕ್ಟರ ಹೆಂಡತಿಯ ಬೆರಳು ತಡಕಿ ತಡಕಿ ಗಾಬರಿಯಾಯಿತು. ಬಣ್ಣದಣ್ಣ ನಮ್ಮ ಮನೆಗೆ ಬರುತ್ತಾನೆ ಎಂದಾಗ ಎಲ್ಲರೂ, ನಿಮ್ಮದು ದೊಡ್ಡ ಮನಸ್ಸು ಎಂದರು. ಅಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಅವನು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದ. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡ. ನಮ್ಮ ಗೋಡೆಯ ಬಣ್ಣ ಕೆಳಗೆ ಉಬ್ಬಿದೆ, ಒಳಗೆಲ್ಲೋ ನೀರು ಸೋರುತ್ತಿದೆ ಎಂದು ಹೇಳಿಹೋದ. ಸೋಮವಾರ ನಿನ್ನ ಅಮ್ಮನಿಗೆ, ಊಟ ಆಯಿತು ಎಂದು ಹೇಳಿದೆ. ಅವರು ಅವತ್ತೇ ಪೆಟ್ಟಿಗೆ ಕಟ್ಟಿದರು.

ನಿನ್ನ ಸಿಟ್ಟು ನ್ಯಾಯವೇ. ಹೊಡೆಯುವುದಿದ್ದರೆ ಬಂದಾಗ ಎರಡು ಏಟು ಕೊಡು. ಅಮ್ಮನನ್ನು ಇಳಿಸಿಕೊಳ್ಳಲು ಹತ್ತು ನಿಮಿಷ ಮೊದಲೇ ನಿಲ್ದಾಣಕ್ಕೆ ಹೋಗು, ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇಂತಿ,
ಚಿಕ್ಕಂದಿನಿಂದ ಅಂಟಿಕೊಂಡೇ ಇರುವ ನಿನ್ನ
ಗೋಂದು

ತಾ.ಕ.: ಇಲ್ಲಿಂದ ಮುಂದೆ ಅಮ್ಮನಿಗೆ ಓದಿ ಹೇಳಬೇಡ. ನಾನು ಅವನ ಜೊತೆ ಕೂತು ಉಣ್ಣಲಿಲ್ಲ. ಎರಡು ತಟ್ಟೆ ಇಟ್ಟಿದ್ದು ನಿಜ. ಕೂರಲು ಹೋದವಳು ಆ ವಾಸನೆಗೆ ಹಿಂದೆ ಸರಿದೆ. ಸೌಟು ಹಿಡಿದು ಅಡುಗೆಮನೆಗೂ ಮೇಜಿಗೂ ಓಡಾಡಿಕೊಂಡೇ ಹೊತ್ತು ಕಳೆದೆ. "ಜೊತೆಗೆ ಕೂತು ಉಂಡೆಯಾ?" ಎಂದು ಅಮ್ಮ ಕೇಳಿದಾಗ ಹೌದು ಎಂದೆ. ಅವರು ಹೊರಟಿರುವುದು ಆ ಸುಳ್ಳನ್ನು ನಂಬಿ. ಬಣ್ಣದಣ್ಣನಿಗೆ ಎಲ್ಲ ಗೊತ್ತಾಗಿತ್ತು. ಹೋಗುವಾಗ ಒಂದು ಅಗುಳೂ ಬೀಳದ ನನ್ನ ತಟ್ಟೆ ನೋಡಿ, "ಜೊತೆಗೆ ಉಂಡ್ರಾ ಅಂತ ಅವರು ಕೇಳಿದ್ರೆ ನಾನೂ ಹೂಂ ಅಂತೀನಿ ಬಿಡಿ ಅಕ್ಕಾ. ಮೊದಲು ಅವರ ಕಣ್ಣು ಸರಿಹೋಗ್ಲಿ. ನೀವು ನಿಧಾನಕ್ಕೆ ಕಲೀರಿ, ನಾನು ವಾರವಾರ ಬರ್ತೀನಿ" ಅಂದ.