ಕೆಂಪು ಚೂರು ಕಟ್ಟಿದ ಗಿಡಗಳ ಕುರಿತು ಉದ್ಯಾನಾಧಿಕಾರಿಗಳಿಗೆ

ಮಾನ್ಯ ಉದ್ಯಾನಾಧಿಕಾರಿಗಳೇ,

ತಮ್ಮ ಸಿಬ್ಬಂದಿಯ ಕರ್ತವ್ಯನಿಷ್ಠೆಗೆ ಮೊದಲು ಒಂದು ನಮಸ್ಕಾರ. ಉದ್ಯಾನದ ಕೆರೆ ಬದಿಯ ಕಾಲುದಾರಿಯಲ್ಲಿ ನಾವು ಎರಡು ವರ್ಷ ಸಾಕಿದ ಕಾಡುಗಿಡಗಳನ್ನು ಅವರು ಒಂದೇ ಬೆಳಿಗ್ಗೆ ಕಡಿದು ಹಾಕಿದರು. ಕೀಳಲೇಬೇಕಿದ್ದ ಲಂಟಾನ ಕಳೆಯ ಒಂದೆಲೆಯನ್ನೂ ಮುಟ್ಟಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದು ಎಲ್ಲರಿಗೂ ಸಾಧ್ಯವೇ?

ನಾನು ದರ್ಜಿ. ಉದ್ಯಾನದ ಗೇಟಿನೆದುರೇ ನನ್ನ ಅಂಗಡಿ. ಆ ಮೂಲೆಯನ್ನು ಲಂಟಾನ ನುಂಗಿ ನೀರು ಕುಡಿದಿತ್ತು. 'ಅಲ್ಲಿ ಮೊದಲಿದ್ದ ಗಿಡಗಳನ್ನೇ ಮತ್ತೆ ಬೆಳೆಸಿ' ಎಂದು ಅನುಮತಿ ಕೊಟ್ಟವರು ತಾವೇ. ಓಣಿಯವರೆಲ್ಲ ಸೇರಿ ಭಾನುವಾರಗಳಂದು ಪೊದೆ ಕಿತ್ತೆವು. ಸಸಿ ಮಾಡಿದ್ದು ನಮ್ಮತ್ತೆ, ಅಡುಗೆಮನೆಯ ಕಿಟಕಿಯಲ್ಲಿ, ಹಾಲಿನ ಖಾಲಿ ಪೊಟ್ಟಣಗಳಲ್ಲಿ. ಚಹಾ ಪಾತ್ರೆ ಇಡಲು ಜಾಗವಿಲ್ಲ ಎಂದು ನಾನು ಗೊಣಗಿದರೆ, "ನಿನ್ ಪಾತ್ರೆ ಏನು ಬೇರು ಬಿಡುತ್ತಾ? ಆಚೆ ಇಡು" ಎನ್ನುತ್ತಿದ್ದರು.

ಗಿಡಗಳು ಮೊಣಕಾಲೆತ್ತರ ಬಂದವು. ನಡೆದಾಡುವವರು ತುಳಿಯದಿರಲಿ ಎಂದು ಉಳಿಸಬೇಕಾದ ಪ್ರತಿ ಗಿಡಕ್ಕೂ ನಾನು ಕೆಂಪು ಬಟ್ಟೆಯ ಚೂರು ಕಟ್ಟಿದೆ. ದರ್ಜಿಯ ಬುದ್ಧಿ ನೋಡಿ, ಕಣ್ಣಿಗೆ ಹೊಡೆಯುವ ಬಣ್ಣವಿರಲಿ ಎಂದುಕೊಂಡೆ. ತಮ್ಮ ಇಲಾಖೆಯಲ್ಲಿ ಕೆಂಪು ಗುರುತೆಂದರೆ 'ಕಡಿಯಿರಿ' ಎಂದು ಅರ್ಥವಂತೆ! ನಾನು ಓಡಿಹೋಗಿ ಕೇಳಿದಾಗ ಗಿಡ ಕಡಿಸುತ್ತಿದ್ದ ಮೇಸ್ತ್ರಿ ಪಾಪ, ಬೆವರೊರೆಸಿಕೊಳ್ಳುತ್ತಾ, "ಯಾರೋ ಪುಣ್ಯಾತ್ಮರು ಗುರುತು ಹಾಕಿಟ್ಟಿದ್ರು ಅಕ್ಕಾ, ನಮ್ ಕೆಲಸ ಸಲೀಸಾಯ್ತು" ಎಂದ.

"ಆ ಪುಣ್ಯಾತ್ಗಿತ್ತಿ ನಾನೇ ಕಣಪ್ಪಾ" ಎಂದೆ.

ಬಣ್ಣ ಆರಿಸಿದ ತಪ್ಪು ನನ್ನದೇ, ಒಪ್ಪಿದೆ. ಆದರೆ ಅನುಮತಿ ಕೊಟ್ಟ ಕೋಣೆಯವರು ಕಡಿಯಲು ಕಳಿಸುವ ಕೋಣೆಯವರಿಗೆ ಒಂದು ಮಾತು ಹೇಳಬಾರದಿತ್ತೇ? ನಡುವೆ ಇರುವುದು ಒಂದು ಗೋಡೆ, ಸಮುದ್ರವಲ್ಲವಲ್ಲ? ದೂರು ಕೊಡಲು ಬಂದರೆ ತಮ್ಮ ಗುಮಾಸ್ತರು, "ಹೋಗ್ಲಿ ಬಿಡಿ ಮೇಡಂ, ಲಂಟಾನದಲ್ಲೂ ಹೂ ಬಿಡುತ್ತಲ್ಲ" ಎಂದು ಗಾಯದ ಮೇಲೆ ಬರೆ ಎಳೆದರು. ಅಂದು ಅತ್ತೆ ತುತ್ತು ಮುಟ್ಟಲಿಲ್ಲ. ನನ್ನ ಅಡುಗೆಯಲ್ಲಿ ಹುಳುಕು ಹುಡುಕದೆ ಅವರು ತಟ್ಟೆ ಸರಿಸಿದ್ದು ಅದೇ ಮೊದಲು.

ಈಗ ಕಡಿದ ಬುಡಗಳಲ್ಲಿ ಚಿಗುರು ಕಾಣಿಸಿದೆ. ಅತ್ತೆ ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಾರೆ. ತಾವೋ, ಬರುವ ಸೋಮವಾರ ಅವನ್ನು ಬುಡಸಮೇತ ಕೀಳಲು ಯಂತ್ರ ಬರುತ್ತದೆಂದು ಗೇಟಿಗೆ ನೋಟಿಸು ಅಂಟಿಸಿದ್ದೀರಿ. ಬೇರು ಹೋದರೆ ಅಲ್ಲಿಗೆ ಕಥೆ ಮುಗಿಯಿತು. ದಯವಿಟ್ಟು ಆ ಯಂತ್ರವನ್ನು ನಿಲ್ಲಿಸಿ. ಏನಾದರೂ ಕೀಳಲೇಬೇಕೆಂದು ಕೈ ತುರಿಸುತ್ತಿದ್ದರೆ ಲಂಟಾನ ಬೇಕಾದಷ್ಟಿದೆ. ಭಾನುವಾರ ಬನ್ನಿ, ಕೈಗವಸು ನಾನೇ ಹೊಲಿದು ಕೊಡುತ್ತೇನೆ.

ಯಂತ್ರ ಬಂದದ್ದೇ ಆದರೆ, ಚಿಗುರುಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುವುದಾಗಿ ಅತ್ತೆ ಘೋಷಿಸಿದ್ದಾರೆ. ಅವರನ್ನು ಎಬ್ಬಿಸುವ ಅಧಿಕಾರ ತಮಗಿರಬಹುದು. ಆ ಧೈರ್ಯ ಇರುವವರನ್ನು ಮಾತ್ರ ನಾನು ಮದುವೆಯಾಗಿ ಬಂದಾಗಿನಿಂದ ಈವರೆಗೆ ಕಂಡಿಲ್ಲ.

ಇಂತಿ,
ಸೋಮವಾರ ಅಂಗಡಿಗೆ ಬೀಗ ಹಾಕಿ ಎರಡನೇ ಕುರ್ಚಿ ಹೊತ್ತು ಬರಲಿರುವ ಸೊಸೆ