ಏನೂ ಇಲ್ಲದ ಹನ್ನೊಂದು ಸೆಕೆಂಡು

ಗದಗ-ಬೆಟಗೇರಿ
ಫೆಬ್ರವರಿ 30, 2187

ಹೊಸಬರಿಗೆಂದು ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಮಾಡಿದ ಮಹನೀಯರಿಗೆ, ಅದನ್ನು ಈಗ ಕಲಿಯುತ್ತಿರುವ ನಿಮ್ಮ ಕಾಲದ ಎಲ್ಲರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಬಲ್ಲೆ. ನಮ್ಮಲ್ಲಿ ಇದೆ, ಅದಕ್ಕೆ ಜಗಳ ಬೇಡ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಎರಡು ವರ್ಷ ನಿಮ್ಮ ಕಾಲದ ಇಂಗ್ಲಿಷ್ ಓದಿದ್ದೆ. ಈಗ ಉಳಿದಿರುವುದು ‘ಐ ಬೆಗ್ ಟು ಸ್ಟೇಟ್’ ಎಂಬಷ್ಟು. ಆದ್ದರಿಂದ, ಐ ಬೆಗ್ ಟು ಸ್ಟೇಟ್, ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ.

ನಮ್ಮಲ್ಲಿ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲುಗಂಟೆ. ಆಗ ಯಾರೂ ಹೊರಗೆ ಕಾಲಿಡುವುದಿಲ್ಲ. ಓಣಿಗೊಂದು ತಂಪುಮನೆ ಇದೆ, ಅಂದರೆ ನೆಲದಡಿಯ ಉದ್ದನೆಯ ಪಡಸಾಲೆ. ಅಲ್ಲೇ ರೊಟ್ಟಿ ಬಡಿಯುವುದು, ಅಲ್ಲೇ ನಿದ್ದೆ, ಅಲ್ಲೇ ಹರಟೆ. ಕಳೆದ ವರ್ಷ ತೀರಿಕೊಂಡ ನನ್ನ ಹೆಂಡತಿ ಹಾಲವ್ವನ ಒಂದೇ ಒಂದು ಉದ್ದನೆಯ ವಿಡಿಯೊವನ್ನು ನಾನು ತೆಗೆದದ್ದೂ ಅಲ್ಲಿಯೇ. ಅವತ್ತು ಹೆಂಗಸರು ಒಡಪು ಹೇಳುತ್ತಿದ್ದರು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಹೆಂಗಸು ಅದನ್ನು ಪದ್ಯದ ಕೊನೆಗೆ ಕಟ್ಟಿ ಒಮ್ಮೆ ಹೇಳುವುದು ಒಡಪು. ಈ ಪದ್ಧತಿ ನಿಮ್ಮಲ್ಲೂ ಇತ್ತು. ನಲವತ್ತಾರು ವರ್ಷ ನನ್ನನ್ನು ‘ಏನ್ರೀ’ ಎಂದು ಕರೆದ ಹಾಲವ್ವ ಅವತ್ತು ಎದ್ದು ನಿಂತಳು.

“ರೊಟ್ಟಿ ಬಡದೀನಿ ತೆಳ್ಳಗ, ಬೆಣ್ಣಿ ಹಚ್ಚೀನಿ ಬೆಳ್ಳಗ, ಸಿಟ್ಟಿನ ಮಾತು ಹೊರಗ, ಮೆತ್ತನ ಮನಸು ಒಳಗ…”

ಅಷ್ಟು ಹೇಳಿ ನಿಂತುಬಿಟ್ಟಳು. ತಂಪುಮನೆಗೆ ತಂಪುಮನೆಯೇ ಉಸಿರು ಹಿಡಿಯಿತು. ಆಮೇಲೆ ಸೆರಗಿನ ಮರೆಯಲ್ಲಿ, ಪಕ್ಕದವಳಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ, ನನ್ನ ಹೆಸರು. ಆಮೇಲೆ ಎಲ್ಲರ ನಗೆ.

ಅವಳ ವರ್ಷದ ಪುಣ್ಯಸ್ಮರಣೆಗೆ ಇದನ್ನು ಚೆಂದ ಮಾಡಿ ತೋರಿಸಬೇಕೆಂದು ಎಪ್ಪತ್ತೊಂದರ ವಯಸ್ಸಿನಲ್ಲಿ ‘ಹೊಸಬರ ಹಲಗೆ’ ಕಲಿಯಲು ಕೂತೆ. ಅದು ನಮ್ಮ ಕಾಲದ ಬಿಗಿನರ್ ಸಾಫ್ಟ್‌ವೇರ್. ಹೊರಗಿನ ಬಣ್ಣ ನಮ್ಮದು, ಒಳಗಿನ ನಿಯಮಗಳೆಲ್ಲ ನಿಮ್ಮ ಕಾಲದವು. ಬದಲಿಸುವ ಗೋಜಿಗೆ ಯಾರೂ ಹೋಗಿಲ್ಲ. ಸುಳ್ಳೇಕೆ ಹೇಳಲಿ, ಎರಡು ತಿಂಗಳಲ್ಲಿ ಬಹಳ ಕಲಿತೆ. ನನ್ನ ಕೈಯಲ್ಲಿ ಅಲುಗಾಡಿದ್ದ ಚಿತ್ರ ನೆಟ್ಟಗೆ ನಿಂತಿತು. ಅವಳ ಮುಖದ ಮೇಲೆ ಬೆಳಕು ತಂದೆ. ಕೆಳಗೆ ಅಕ್ಷರ ಹಾಕಿದೆ. ಚಿತ್ರಕ್ಕೆ ಎರಡೇ ಪದರ, ದನಿಗೆ ಒಂದೇ ಪದರ, ಇಪ್ಪತ್ತು ಸಲ ಮಾತ್ರ ಅನ್‌ಡೂ. ಇರಲಿ, ಹೊಸಬನಿಗೆ ಅಷ್ಟು ಸಾಕು.

ಆದರೆ ‘ಅಚ್ಚುಕಟ್ಟು’ ಎಂಬ ಗುಂಡಿ ಇಟ್ಟಿದ್ದೀರಲ್ಲ, ಅದಕ್ಕೆ ಏನೆನ್ನಲಿ? ಒತ್ತಿದೆ. ಮೊದಲ ಅರ್ಧ ನೋಡಿದೆ, ಮುತ್ತಿನಂತೆ ಇತ್ತು. ಸಿನಿಮಾ ಮಾಡಿ ಉಳಿಸಿದೆ. ಮನೆಗೊಂದೇ ಗೂಡು ನಮಗೆ, ಅಂದರೆ ಚಿತ್ರ-ಕಾಗದ ಎಲ್ಲ ಇಡುವ ಜಾಗ. ಅದು ತುಂಬಿತ್ತೆಂದು ಮೂಲ ವಿಡಿಯೊ ಅಳಿಸಿದೆ. ಹಲಗೆಯ ಮೇಲೆ ವಿಡಿಯೊ ತುಂಡುಗಳನ್ನು ತೋರಿಸುವ ಪಟ್ಟಿಗಳಲ್ಲೇ ಎಲ್ಲ ಇದೆಯಲ್ಲ ಎಂದುಕೊಂಡೆ. ಇಲ್ಲವಂತೆ! ಪಟ್ಟಿ ಬರೀ ವಿಳಾಸವಂತೆ, ಮನೆ ಎಂದರೆ ನಾನು ಅಳಿಸಿದ ಆ ಮೂಲವಂತೆ. ಈ ಮಾತನ್ನು ಮೊದಲ ಪಾಠದಲ್ಲೇ ಹೇಳಲು ನಿಮಗೇನು ಧಾಡಿಯಾಗಿತ್ತು?

ಆಮೇಲೆ ಪೂರ್ತಿ ನೋಡಿದೆ. “ಮೆತ್ತನ ಮನಸು ಒಳಗ” ಎಂದದ್ದೇ ತಡ, ನಗೆ. ಮೌನ ಇಲ್ಲ, ಹೆಸರೂ ಇಲ್ಲ. ಸುಮ್ಮನಿದ್ದದ್ದು ಖಾಲಿ, ಮೆಲ್ಲಗೆ ಅಂದದ್ದು ಕಸ ಎಂದು ನಿಮ್ಮ ಗುಂಡಿ ಗುಡಿಸಿಹಾಕಿತ್ತು. ಗಾಬರಿಯಿಂದ ಪಟ್ಟಿಯನ್ನು ಹಿಗ್ಗಿಸಿದೆ. ಚಿತ್ರ ಕಪ್ಪು, ದನಿ ಇಲ್ಲ, ‘ಮೀಡಿಯಾ ಆಫ್‌ಲೈನ್’ ಎಂಬ ಬರಹ, ಅಂದರೆ ಮೂಲ ಸಿಗುತ್ತಿಲ್ಲವೆಂದು. ಕೆಳಗೆ ದನಿಯ ಏರಿಳಿತ ತೋರಿಸುವ ಗೆರೆ ಮಾತ್ರ ಹಾಗೇ ಉಳಿದಿತ್ತು. ಹನ್ನೊಂದು ಸೆಕೆಂಡು ನೀಟಾಗಿ ಮಲಗಿದ ಗೆರೆ, ಆಮೇಲೆ ಎಳ್ಳುಕಾಳಿನಷ್ಟು ಒಂದು ಉಬ್ಬು. ಅದೇ ನನ್ನ ಹೆಸರು. ನೋಡಬಹುದು, ಕೇಳಿಸಿಕೊಳ್ಳಲಾಗದು. ಇಂಥ ಕ್ರೌರ್ಯವನ್ನು ಯಾವ ಪುಣ್ಯಾತ್ಮರು ಕೂತು ಯೋಚಿಸಿದಿರಿ?

ಅಳಿಸಿದ್ದು ನಾನೇ, ಒಪ್ಪುತ್ತೇನೆ. ಅದಕ್ಕೇ ಸಿಟ್ಟು ಇಮ್ಮಡಿಯಾಗಿದೆ.

ಮತ್ತೆ ಕೂತೆ. ಉಳಿದ ಸಿನಿಮಾದಿಂದ, ಮಾತು ನಿಲ್ಲಿಸಿದ ಕ್ಷಣದ ಅವಳ ಮುಖವನ್ನು ಹಿಡಿದು ನಿಲ್ಲಿಸಿದೆ. ಇದೂ ಹಲಗೆಯಲ್ಲಿ ಆಗುತ್ತದೆ, ನಿಮಗೆ ಅಷ್ಟು ಪುಣ್ಯ ಬರಲಿ. ಗೆರೆ ನೋಡಿ ಅಳೆದು, ಅಷ್ಟೇ ಹೊತ್ತು ಮೌನ ಇಟ್ಟೆ. ಹಲಗೆ ಕೇಳಿತು: ‘ಇಲ್ಲಿ ಏನೂ ಇಲ್ಲ. ತೆಗೆದುಹಾಕಲೇ?’ ಬೇಡ ಎಂದೆ. ಏಳು ಸಲ ಕೇಳಿತು. ಏಳು ಸಲವೂ ಬೇಡ ಎಂದೆ, ಕೊನೆಯ ಸಲ ಓಣಿಗೆಲ್ಲ ಕೇಳುವಂತೆ.

ಪುಣ್ಯಸ್ಮರಣೆಯ ದಿನ ತಂಪುಮನೆಯಲ್ಲಿ ಹಾಕಿದೆವು. ಹಾಲವ್ವ ಒಡಪು ಹೇಳಿ ನಿಂತಳು. ಒಂದು ಸೆಕೆಂಡು, ಎರಡು, ಐದು. ಎಂಬತ್ಮೂರರ ಅವಳ ಅಕ್ಕ ಬಾಳವ್ವ ಪರದೆಗೆ ಕೈ ಬೀಸಿ ಗದರಿದಳು: “ಏ ಹಾಲಿ, ನಾಚಿದ್ದು ಸಾಕಲೇ, ಹೇಳ! ಮೊಮ್ಮಕ್ಕಳು ಆದ್ರೂ ನಿನ್ನ ನಾಚಿಕಿ ಹೋಗ್ಲಿಲ್ಲ ನೋಡ!” ಹಿಂದಿನಿಂದ ಇನ್ನೊಬ್ಬಳು, “ತಡೀ ಯಕ್ಕಾ, ಬಾಯಿಗೆ ಬಂದೈತಿ, ಹೇಳ್ತಾಳ” ಎಂದಳು. ಪರದೆಯ ಮೇಲಿನ ನಗೆ ಬಂತು, ಕೆಳಗೆ ಕೂತವರೂ ನಕ್ಕರು. ಹೆಸರು ಕೇಳಿಸಿತೆಂದು ಆಮೇಲೆ ಮೂವರು ಆಣೆ ಮಾಡಿ ಹೇಳಿದರು.

ನನಗೆ ಕೇಳಿಸಲಿಲ್ಲ.

ಕಲಿಯುವವರೇ, ಮೂಲವನ್ನು ಅಳಿಸಬೇಡಿ, ಬೇರೆ ಎರಡು ಕಡೆ ಇಡಿ. ಮಾಡುವವರೇ, ಆ ಗುಂಡಿ ಬೇಕಾದರೆ ಇರಲಿ, ಆದರೆ ‘ಇಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಇವತ್ತೇ ತೆಗೆಯಿರಿ. ‘ಇಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ’ ಎಂದು ಬರೆಯಿರಿ. ನಿಮಗೆ ಗೊತ್ತಿಲ್ಲ, ಅದೇ ನಿಜ.

ಪತ್ರದ ಕೆಳಗೆ ಹೆಸರು ಬರೆಯುವುದು ರಿವಾಜು. ನಾನು ಬರೆಯುವುದಿಲ್ಲ. ಅದನ್ನು ಹೇಳಬೇಕಾದವಳು ಹೇಳಿಯಾಗಿದೆ.

ಇಂತಿ,
ಹಾಲವ್ವನ ಗಂಡ