ಭಟ್ಟಿಮನೆಯ ನೀರು ನೋಡಿ ಬೀದಿ ಅಗೆಯ ಹೊರಟವರಿಗೆ

ಮಾನ್ಯ ಒಳಚರಂಡಿ ಮುಖ್ಯಸ್ಥರೇ,

ನಮ್ಮ ಮೇಲಿನ ಬೀದಿಯ ಚರಂಡಿ ಸೋರುತ್ತಿಲ್ಲ. ದಯವಿಟ್ಟು ಅಗೆಯಬೇಡಿ. ಉಕ್ಕುತ್ತಿರುವುದು ಕೆಳಗಿನ ಬೀದಿಯದು. ಅಲ್ಲಿ ಪ್ರತಿ ಮಳೆಗೂ ದಫಿನಾ ಅಜ್ಜಿಯ ಮನೆಯ ಕೆಳಅಂತಸ್ತಿಗೆ ಇಡೀ ಊರಿನ ಕೊಳಚೆ ನೆಂಟನಂತೆ ಬಂದಿಳಿಯುತ್ತದೆ. ಮೆಟ್ಟಿಲು ಹತ್ತಲಾರದ ಆಕೆಯ ಅಡುಗೆ, ನಿದ್ದೆ ಎಲ್ಲವೂ ಅಲ್ಲೇ. ಈ ವರ್ಷ ಒಂದೇ ಬೀದಿಯ ಕೊಳವೆ ಬದಲಿಸಲು ಸಾಧ್ಯವೆಂದು ತಾವೇ ಹೇಳಿದ್ದೀರಿ. ಆ ಭಾಗ್ಯ ನಮಗೇಕೆ?

ತಮ್ಮ ವರದಿಯ ತರ್ಕ ಇದು: ರಾತ್ರಿ ಊರು ಮಲಗಿದಾಗ ಚರಂಡಿಯೂ ಮಲಗಬೇಕು, ಮಲಗದೆ ಹರಿದರೆ ಒಡೆದ ಕೊಳವೆಯೊಳಗೆ ಅಂತರ್ಜಲ ನುಗ್ಗುತ್ತಿದೆ ಎಂದರ್ಥ. ಒಪ್ಪೋಣ, ಊರು ಮಲಗಿದ್ದರೆ. ಆದರೆ ತಾವು ಮೀಟರ್ ಇಳಿಸಿದ್ದು ಪ್ಲಮ್ ಹಣ್ಣಿನ ಕಾಲದಲ್ಲಿ, ಊರಿನ ಭಟ್ಟಿಮನೆಯ ಎದುರಿನ ಮ್ಯಾನ್‌ಹೋಲಿಗೆ. ಸರದಿಯ ಪ್ರಕಾರ ಮನೆಮನೆಯ ಪ್ಲಮ್ ಸಾರಾಯಿ, ಅಂದರೆ ರಾಕಿಯಾ, ಹಗಲಿರುಳು ಇಳಿಯುವಾಗ, ತಾಮ್ರದ ಹಂಡೆಗಳ ಕೊಳವೆ ತಣಿಸಿದ ನೀರೆಲ್ಲ ಬೆಚ್ಚಗಾಗಿ ಅದೇ ಗುಂಡಿಗೆ ಹೋಗುತ್ತದೆ. ಅಂತರ್ಜಲಕ್ಕೆ ಜ್ವರ ಬಂದಿದೆಯೆಂದು ತಮ್ಮವರು ಭಾವಿಸಿದರೋ ಏನೋ. ಹರಿವು ಅಳೆದರು, ಅರಿವು ಮರೆತರು.

ಮೀಟರ್ ಇಳಿಸುವಾಗ ಭಟ್ಟಿಯ ಗಾಂಚೊ ಕೇಳಿಯೇ ಕೇಳಿದ: “ಏನ್ರಪ್ಪಾ, ನನ್ನ ನೀರೆಲ್ಲ ಇದರ ಮೇಲೇ ಹೋಗುತ್ತಲ್ಲ?”

“ನಕ್ಷೇಲಿ ಇಲ್ಲೇ ಹಾಕು ಅಂತಿದೆ, ಮಾಮ. ನಿಮ್ಮ ಭಟ್ಟಿಮನೆ ನಕ್ಷೇಲಿಲ್ಲ.”

“ನಾನಿದ್ದೀನಾ?”

“ನೀವೂ ಇಲ್ಲ.”

“ಹಾಗಾದ್ರೆ ಈ ರಾಕಿಯಾ ಲೋಟಾನೂ ಇಲ್ಲ ಬಿಡ್ರೋ.”

ಲೋಟ ಮಾತ್ರ ಇದೆಯೆಂದು ತಮ್ಮ ಸಿಬ್ಬಂದಿ ಕೂಡಲೇ ಒಪ್ಪಿಕೊಂಡರು.

ಕೆಳಗಿನ ಬೀದಿಯಲ್ಲಿ ಅಳೆಯಲಿಲ್ಲವೇಕೆ? ಅಲ್ಲಿನ ಮ್ಯಾನ್‌ಹೋಲಿನ ಮುಚ್ಚಳ ಡಾಂಬರಿನಡಿ ಹೂತುಹೋಗಿದೆಯಂತೆ. ಹೂತವರು ಯಾರೆಂದು ಕೇಳಿ ತಮಗೆ ಮುಜುಗರ ಮಾಡಲಾರೆ. ಮೊನ್ನೆಯ ಮಳೆಯ ಮರುದಿನ ನಾನು ದಫಿನಾ ಅಜ್ಜಿಯ ಮನೆಗೆ ಹೋದಾಗ, ಚಳಿಗಾಲಕ್ಕೆಂದು ಕೋಸು ಹುಳಿಹಾಕಿದ್ದ ಪೀಪಾಯಿ ಬಾಗಿಲ ಬಳಿ ಮಗುಚಿ ಬಿದ್ದಿತ್ತು.

“ಬೂಟು ಬಿಚ್ಬೇಡಿ ಮೇಷ್ಟ್ರೇ,” ಎಂದರು ಅಜ್ಜಿ. ಜನ್ಮದಲ್ಲಿ ಯಾರಿಗೂ ಅವರು ಹಾಗೆಂದವರಲ್ಲ. “ಕೋಸು ಹೋಯ್ತು. ಅಳೆಯೋರು ಬರ್ತಾರಾ?”

“ಮೇಲಿನ ಬೀದೀಲಿ ಅಳೆದು ಹೋದ್ರು ಅಜ್ಜಿ.”

“ಅಲ್ಲೇನಿದೆ ಅಳೆಯೋಕೆ? ಇಲ್ಲಿಗೆ ಬಂದಿದ್ರೆ ನಾನೇ ತೋರಿಸ್ತಿದ್ದೆ. ಮಂಚದ ಕಾಲಲ್ಲಿ ಗುರುತಿದೆ. ಇನ್ನೊಂದು ಗೇಣು ಏರಿದ್ರೆ ಹಾಸಿಗೆ.”

ಕೊನೆಯ ಮಾತು. ತಮ್ಮ ಗ್ರಾಫಿನ ಅತಿ ಎತ್ತರದ ಶಿಖರಕ್ಕೆ ‘ತೀವ್ರ ಸೋರಿಕೆ’ ಎಂದು ಕೆಂಪು ಗೆರೆ ಎಳೆದಿದ್ದೀರಿ. ಅದು ಸಂತ ಡಿಮಿಟರ್ ಹಬ್ಬದ ಹಿಂದಿನ ಇರುಳು. ಅಂದು ಎರಡೂ ಹಂಡೆಗಳನ್ನು ಒಬ್ಬರೇ ಹಿಡಿದಿದ್ದರು. ಬೇಗ ತಣಿಯಲೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದವರೂ ಅವರೇ. ಹಬ್ಬದ ದಿನ ನಾವೆಲ್ಲ ರುಚಿ ನೋಡಿದೆವು. ಬಹಳ ಚೆನ್ನಾಗಿತ್ತು, ಮಾನ್ಯರೇ. ತಮ್ಮ ತೋಟದ ಪ್ಲಮ್ಮಿಗೆ ಸಾಟಿಯಿಲ್ಲ.

ಆದ್ದರಿಂದ ಆ ಮೀಟರನ್ನು ಮೇಲೆತ್ತಿ. ಡಾಂಬರು ಒಡೆದು, ಅಜ್ಜಿಯ ಬಾಗಿಲೆದುರಿನ ಗುಂಡಿಗೆ ಇಳಿಸಿ. ಮುಂದಿನ ಮಳೆಗೆ ಮುಂಚೆ. ಹಾಸಿಗೆಗೆ ಒಂದೇ ಗೇಣು ಉಳಿದಿದೆ.

ಇಂತಿ,
ತಮ್ಮ ‘ತೀವ್ರ ಸೋರಿಕೆ’ಯನ್ನು ಎರಡು ಲೋಟ ಹೀರಿ ಅಂದು ಸುಮ್ಮನಿದ್ದ
ಲ್ಯುಬೆನ್ ತ್ಸೊನೆವ್
ನಿವೃತ್ತ ಭೂಗೋಳ ಮೇಷ್ಟ್ರು, ಮೇಲಿನ ಬೀದಿ